ಪಿಕಪ್ ಟ್ರಕ್ಕಿಗೆ ಪಾಪ್‌ಅಪ್ ಕ್ಯಾಂಪರ್ ಕೂರಿಸಿದ ಕತೆ

ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಟೈರಿಗೆ ಎಷ್ಟು ಗಾಳಿ ಹಿಡಿಸಬೇಕು ಅನ್ನುವ ಲೆಕ್ಕದ ಜೊತೆಗೆ ಅಲ್ಲಿ ಇನ್ನೊಂದು ಸಾಲಿರುತ್ತದೆ. ಜನ, ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ. ಅಮೆರಿಕದಲ್ಲಿ ಪಿಕಪ್ ಓಡಿಸುವ ನನ್ನ ಗೆಳೆಯರಲ್ಲಿ ಹೆಚ್ಚಿನವರು ಆ ಸಾಲನ್ನು ಓದಿಲ್ಲ. ಓದುವ ಅಗತ್ಯ ಅವರಿಗೆ ಬಂದಿಲ್ಲ. ಆದರೆ ಟ್ರಕ್ಕಿನ ಬೆಡ್ (ಹಿಂದಿನ ತೆರೆದ ತೊಟ್ಟಿ) ಮೇಲೆ ಕ್ಯಾಂಪರ್, ಅಂದರೆ ಮಲಗಿ ತಂಗುವ ಪುಟ್ಟ ಗೂಡು, ಕೂರಿಸಬೇಕು ಅಂತ ಆಸೆಪಟ್ಟವರಿಗೆ ಎಲ್ಲವೂ ಶುರುವಾಗುವುದು ಅಲ್ಲಿಂದಲೇ. ನನ್ನ ಫೋರ್ಡ್ ಎಫ್-150 ಟ್ರಕ್ಕಿನಲ್ಲಿ ಆ ಅಂಕೆ 1,720 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 780 ಕೆ.ಜಿ.

ಈ ಅಂಕೆ ಒಂದೊಂದು ಗಾಡಿಗೆ ಒಂದೊಂದು. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ವರ್ಷದ ಎರಡು ಟ್ರಕ್ ಪಕ್ಕಪಕ್ಕ ನಿಂತಿದ್ದರೂ ಬೇರೆ ಬೇರೆ ಇರುತ್ತದೆ. ಸನ್‌ರೂಫ್ ಬಂತು, ಚರ್ಮದ ಸೀಟು ಬಂತು, ನಾಲ್ಕು ಚಕ್ರಕ್ಕೂ ಡ್ರೈವ್ ಬಂತು ಅಂದರೆ ಹೊರುವ ಶಕ್ತಿ ಅಷ್ಟಷ್ಟೇ ಕಮ್ಮಿಯಾಗುತ್ತಾ ಹೋಗುತ್ತದೆ. ಹಾಗಾಗಿ ಕಂಪನಿಯ ಬ್ರೋಷರ್ ನೋಡಿ ನಂಬುವ ಹಾಗಿಲ್ಲ. ನಿಮ್ಮದೇ ಗಾಡಿಯ ಬಾಗಿಲು ತೆಗೆದು ನೋಡಬೇಕು. ‘ಹಾಫ್ ಟನ್ ಟ್ರಕ್’ ಅಂತ ಕರೆಯುವುದೆಲ್ಲ ಬರೀ ಹಳೆಯ ರೂಢಿ. ಆ ಹೆಸರಿಗೂ ಈಗಿನ ತೂಕಕ್ಕೂ ಸಂಬಂಧವಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ, ಸ್ಯಾಕ್ರಮೆಂಟೋ ಪಕ್ಕ. ಪೂರ್ವಕ್ಕೆ ಹೊರಟರೆ ಹೈವೇ 50 ಸೀದಾ ಸಿಯೆರಾ ನೆವಾಡಾ ಬೆಟ್ಟ ಹತ್ತುತ್ತದೆ. ಬೆಟ್ಟದ ಆ ಕಡೆಗೆ ಹೈವೇ 395. ಮೋನೋ ಸರೋವರ, ಬಿಷಪ್, ಲೋನ್ ಪೈನ್ ಎಲ್ಲ ಆ ದಾರಿಯಲ್ಲೇ ಬರುತ್ತವೆ. ವರ್ಷಗಳಿಂದ ಅಲ್ಲಿಗೆ ಟೆಂಟ್ ಹಿಡಿದುಕೊಂಡು ಹೋಗುತ್ತಿದ್ದೆವು. ಮಕ್ಕಳು ಹುಟ್ಟಿದ ಮೇಲೆ ಟೆಂಟು ಕಷ್ಟವಾಯಿತು. ಸಂಜೆ ಆದರೆ ಓವೆನ್ಸ್ ಕಣಿವೆಯಲ್ಲಿ ಗಾಳಿ ಏಳುತ್ತದೆ. ಆ ಗಾಳಿಯಲ್ಲಿ ಟೆಂಟಿನ ಕಂಬ ಹಿಡಿದುಕೊಂಡು ನಿಲ್ಲುವುದೋ, ಹಸಿದ ಮಗುವಿಗೆ ಊಟ ಕೊಡುವುದೋ?

ಟ್ರೇಲರ್ ಎಳೆಯುವುದು ಒಂದು ದಾರಿ. ಆದರೆ ನಮಗೆ ಇಷ್ಟವಾದ ಜಾಗಗಳೆಲ್ಲ ಮಣ್ಣಿನ ರಸ್ತೆಯ ಕೊನೆಗಿವೆ. ಅಲ್ಲಿ ಟ್ರೇಲರ್ ತಿರುಗಿಸುವುದಕ್ಕೆ ಜಾಗವೇ ಇರುವುದಿಲ್ಲ. ಗಟ್ಟಿ ಗೋಡೆಯ ಕ್ಯಾಂಪರ್ ಇನ್ನೊಂದು ದಾರಿ. ಅದು ಎತ್ತರ, ತೂಕವೂ ಜಾಸ್ತಿ, ಗಾಳಿಗೆ ಓಲಾಡುತ್ತದೆ. ಪಾಪ್‌ಅಪ್ ಕ್ಯಾಂಪರ್ ಇವೆರಡರ ನಡುವಿನದು. ಓಡುವಾಗ ಅದರ ಚಾವಣಿ ಕೆಳಗೆ ಕೂತಿರುತ್ತದೆ, ಟ್ರಕ್ಕಿನ ತಲೆಗಿಂತ ಸ್ವಲ್ಪ ಮಾತ್ರ ಎತ್ತರ. ನಿಂತ ಮೇಲೆ ಒಳಗಿನಿಂದ ಕೈಯಲ್ಲೇ ತಳ್ಳಿದರೆ ಚಾವಣಿ ಮೇಲೇಳುತ್ತದೆ. ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುತ್ತದೆ. ಆರಡಿ ಆಳು ಆರಾಮಾಗಿ ನೆಟ್ಟಗೆ ನಿಲ್ಲಬಹುದು.

ನಮ್ಮ ಕಡೆ ಇದಕ್ಕೊಂದು ಅನುಕೂಲವೂ ಇತ್ತು. ಫೋರ್ ವೀಲ್ ಕ್ಯಾಂಪರ್ಸ್ ಅನ್ನುವ ಕಂಪನಿ 1972ರಲ್ಲಿ ಕೊಲರಾಡೋದಲ್ಲಿ ಶುರುವಾಗಿ, ಆಮೇಲೆ ನಮ್ಮ ಪಕ್ಕದ ವುಡ್‌ಲ್ಯಾಂಡ್‌ಗೆ ಬಂದು ನೆಲೆಸಿತು. ಅವರದು ಅಲ್ಯೂಮಿನಿಯಂ ಚೌಕಟ್ಟು. ಮರದ ಚೌಕಟ್ಟಿಗೆ ಹೋಲಿಸಿದರೆ ಹಗುರ, ಒರಟು ರಸ್ತೆಯಲ್ಲಿ ಸ್ವಲ್ಪ ಬಾಗಿ ಮತ್ತೆ ಸರಿಹೋಗುತ್ತದೆ. ಈ ಭಾಗದಲ್ಲಿ ಅವರ ಹಳೆಯ ಕ್ಯಾಂಪರ್‌ಗಳು ಮಾರಾಟಕ್ಕೆ ಸಿಗುತ್ತಲೇ ಇರುತ್ತವೆ.

ಕೊಳ್ಳುವುದಕ್ಕೆ ಮೊದಲು ಊಟದ ಮೇಜಿನ ಮೇಲೆ ಲೆಕ್ಕ ಹಾಕಲು ಕೂತೆವು. ನಮ್ಮಿಬ್ಬರದು, ಮಕ್ಕಳಿಬ್ಬರದು ಸೇರಿ 425 ಪೌಂಡ್. ಡ್ರೈವರ್ ಕೂಡ ಈ ಲೆಕ್ಕಕ್ಕೆ ಸೇರುತ್ತಾನೆ. ತುಂಬಿದ ಪೆಟ್ರೋಲ್ ಟ್ಯಾಂಕ್ ಮಾತ್ರ ಗಾಡಿಯ ಸ್ವಂತ ತೂಕಕ್ಕೆ ಸೇರಿದ್ದು, ಅದನ್ನು ಬಿಡಬಹುದು. ಉಳಿದಿದ್ದು 1,295. ಒಲೆ, ಸಿಂಕು, ಫ್ರಿಜ್ಜು, ಬಿಸಿನೀರು ಎಲ್ಲ ಇರುವ ಕ್ಯಾಂಪರ್ ತೆಗೆದುಕೊಂಡರೆ ಅದೊಂದೇ ಅಷ್ಟನ್ನು ನುಂಗಿಬಿಡುತ್ತದೆ. ಅದರ ಮೇಲೆ ನೀರು. ಒಂದು ಗ್ಯಾಲನ್ ನೀರು 8.34 ಪೌಂಡ್. 20 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 167 ಪೌಂಡ್, ಒಬ್ಬ ದೊಡ್ಡ ಮನುಷ್ಯ ಹತ್ತಿ ಕೂತ ಹಾಗೆ.

‘ರೀ, ಅಡುಗೆಮನೆ ಕಟ್ಟಿಕೊಂಡೇ ಬರಬೇಕಾ? ನಮಗೆ ಬೇಕಿರೋದು ಮಲಗೋಕೆ ಜಾಗ, ಮಳೆ ಗಾಳಿಗೆ ಒಂದು ಮರೆ ಅಷ್ಟೇ ಅಲ್ವಾ?’ ಅಂದಳು ನನ್ನ ಹೆಂಡತಿ.

ಅವಳ ಆ ಮಾತೇ ತೀರ್ಮಾನವಾಯಿತು. ಷೆಲ್ ಅಂತ ಬರುತ್ತದೆ. ಬರೀ ಹೊರಗಿನ ಗೂಡು, ಟ್ರಕ್ಕಿನ ತಲೆಯ ಮೇಲೆ ಚಾಚಿಕೊಂಡಿರುವ ದೊಡ್ಡ ಹಾಸಿಗೆ, ಪಕ್ಕದಲ್ಲಿ ಬಿಚ್ಚಿದರೆ ಮಂಚವಾಗುವ ಸೋಫಾ. ನಮಗೆ ಸಿಕ್ಕಿದ್ದಕ್ಕೆ ಒಳಗೆ ಬೆಚ್ಚಗಿಡುವ ಫರ್ನೇಸೂ ಚಾವಣಿಯ ಫ್ಯಾನೂ ಮೊದಲೇ ಹಾಕಿಸಿದ್ದರು. ಎಲ್ಲ ಸೇರಿ 940 ಪೌಂಡ್. ಲಿಥಿಯಂ ಬ್ಯಾಟರಿ 30, ನೀರು ಹತ್ತೇ ಗ್ಯಾಲನ್, ಒಂದು ಸಣ್ಣ ಪ್ರೊಪೇನ್ ಸಿಲಿಂಡರ್, ಪೆಟ್ಟಿಗೆಯಂಥ ಫ್ರಿಜ್ಜು, ದಿನಸಿ, ಹೊದಿಕೆ, ಪಾತ್ರೆ, ಟೂಲ್ಸ್. ಕೂಡಿಸಿದರೆ 1,703. ಸ್ಟಿಕ್ಕರ್‌ನ ಅಂಕೆಯ ಒಳಗೇ ಇದ್ದೇವೆ, ಆದರೆ ಕೂದಲೆಳೆಯಷ್ಟೇ ಅಂತರ. ಟೇಲ್‌ಗೇಟ್ (ಬೆಡ್‌ನ ಹಿಂದಿನ ಬಾಗಿಲು) ಹೇಗೂ ಬಿಚ್ಚಲೇಬೇಕು, ಅದರ ತೂಕ ನಮ್ಮ ಖಾತೆಗೆ ಜಮಾ.

ಕ್ಯಾಂಪರ್ ಸಿಕ್ಕಿದ್ದು ರಿನೋ ಹತ್ತಿರದ ವಯಸ್ಸಾದ ದಂಪತಿಯಿಂದ. ಹಳೆಯ ಪಾಪ್‌ಅಪ್ ನೋಡಲು ಹೋಗುವವರು ಮೊದಲು ಚಾವಣಿ ಹತ್ತಿ ನೋಡಿ. ಮೂಲೆಗಳಲ್ಲಿ, ಫ್ಯಾನಿನ ಸುತ್ತ, ಸ್ಕ್ರೂ ತಲೆಗಳ ಮೇಲೆ ಹಚ್ಚಿದ ಸೀಲಂಟ್ ಬಿರುಕು ಬಿಟ್ಟಿದೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಬೇಕು. ಆಮೇಲೆ ಒಳಗೆ ಬಂದು ಚಾವಣಿ ಎತ್ತಿಸಿ, ಬಟ್ಟೆ ಮಡಚುವ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಬಂದರೂ ಅಲ್ಲಿ ನೀರು ಬರುತ್ತದೆ ಅಂತ ಅರ್ಥ. ಹಾಸಿಗೆ ಎತ್ತಿ ಕೆಳಗಿನ ಹಲಗೆ ಒತ್ತಿ ನೋಡಬೇಕು, ಮೆತ್ತಗಿದ್ದರೆ ಬೇಡ. ಗ್ಯಾಸ್ ಪೈಪಿನ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಬೇಕು. ಆ ಅಜ್ಜ ನನ್ನ ಜೊತೆ ನಿಂತು ಎಲ್ಲವನ್ನೂ ಒಂದೊಂದಾಗಿ ತೋರಿಸಿದರು. ಚಾವಣಿ ಇಳಿಸುವ ಕ್ರಮ ಬಾಯಿಪಾಠ ಬರುವವರೆಗೆ ಬಿಡಲಿಲ್ಲ. ಅಂಥವರಿಂದ ಕೊಂಡಿದ್ದು ನಮ್ಮ ಪುಣ್ಯ.

ಇನ್ನು ಟ್ರಕ್ಕನ್ನು ಸಿದ್ಧ ಮಾಡುವ ಕೆಲಸ. ನನಗೆ ಇಡೀ ಕತೆಯಲ್ಲಿ ಇದೇ ಇಷ್ಟದ ಭಾಗ.

ಬೆಡ್‌ನಲ್ಲಿ ಪ್ಲಾಸ್ಟಿಕ್ ಲೈನರ್ ಇತ್ತು. ಅದನ್ನು ಕಿತ್ತು ಹಾಕಿದೆ. ನುಣುಪಾದ ಪ್ಲಾಸ್ಟಿಕ್ ಮೇಲೆ ಕ್ಯಾಂಪರ್ ಜಾರುತ್ತದೆ. ಅದರ ಬದಲು ದಪ್ಪನೆಯ ರಬ್ಬರ್ ಮ್ಯಾಟ್ ಹಾಸಿದೆ. ಮ್ಯಾಟ್ ಮೇಲೆ ಕೂತ ಕ್ಯಾಂಪರನ್ನು ಅಲುಗಿಸುವುದೇ ಕಷ್ಟ. ಅರ್ಧ ಕೆಲಸ ರಬ್ಬರೇ ಮಾಡಿಬಿಡುತ್ತದೆ.

ಉಳಿದರ್ಧ ಮಾಡುವುದು ನಾಲ್ಕು ಐ-ಬೋಲ್ಟ್‌ಗಳು. ತಲೆಯ ಕಡೆ ಬಳೆಯ ಹಾಗೆ ದುಂಡಗಿರುವ ಬೋಲ್ಟ್ ಅದು. ಬೆಡ್‌ನ ನಾಲ್ಕು ಮೂಲೆಗಳಲ್ಲಿ ತೂತು ಕೊರೆದು ಇವನ್ನು ನಿಲ್ಲಿಸಬೇಕು. ಕ್ಯಾಂಪರ್‌ನ ಮೂಲೆಗಳಲ್ಲೂ ಕೊಂಡಿಗಳಿರುತ್ತವೆ. ಎರಡರ ನಡುವೆ ಟರ್ನ್‌ಬಕಲ್ ಹಾಕಿ ತಿರುಗಿಸಿದರೆ ಬಿಗಿಯಾಗುತ್ತದೆ. ಓಡುವ ಗಾಡಿಯ ಮೇಲೆ ಸುಮಾರು ಅರ್ಧ ಟನ್ ತೂಕದ ಗೂಡನ್ನು ಹಿಡಿದುಕೊಂಡಿರುವುದು ಈ ನಾಲ್ಕು ಮಾತ್ರ. ಇದರಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಕೊರೆಯುವ ಮುಂಚೆ ಟ್ರಕ್ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಎಫ್-150ಯಲ್ಲಿ ಇಂಧನದ ಟ್ಯಾಂಕ್ ಡ್ರೈವರ್ ಕಡೆ ಇರುತ್ತದೆ. ಅಂದರೆ ಆ ಕಡೆಯ ಮುಂದಿನ ತೂತು ಟ್ಯಾಂಕಿಗೆ ಹತ್ತಿರ. ಡ್ರಿಲ್ ಬಿಟ್ಟನ್ನು ಒಂದು ಮರದ ತುಂಡಿನಲ್ಲಿ ತೂರಿಸಿ, ತುದಿ ಮಾತ್ರ ಹೊರಗೆ ಕಾಣುವಷ್ಟು ಬಿಟ್ಟೆ. ತಗಡು ತೂರಿದ ಕೂಡಲೇ ಮರದ ತುಂಡು ಬೆಡ್‌ಗೆ ತಾಗಿ ನಿಲ್ಲುತ್ತದೆ, ಬಿಟ್ ಇನ್ನೂ ಕೆಳಗೆ ಇಳಿಯುವುದಿಲ್ಲ. ಕೊರೆದಾಗ ಬೆಳ್ಳಿ ಬಣ್ಣದ ಸುರುಳಿ ಸುರುಳಿ ಸಿಪ್ಪೆ ಬಂತು. 2015ರಿಂದ ಈ ಟ್ರಕ್ಕಿನ ಬಾಡಿ ಅಲ್ಯೂಮಿನಿಯಂ. ಹಗುರವಾಗಿರುವುದೇನೋ ಸರಿ, ಆದರೆ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ನೇರ ತಾಗಿಕೊಂಡು, ಅಲ್ಲಿ ಉಪ್ಪುನೀರೂ ಸೇರಿದರೆ ಅಲ್ಯೂಮಿನಿಯಂ ನಿಧಾನಕ್ಕೆ ತಿಂದುಹೋಗುತ್ತದೆ. ಚಳಿಗಾಲದಲ್ಲಿ ಬೆಟ್ಟದ ರಸ್ತೆಗಳಿಗೆ ಉಪ್ಪು ಹಾಕುತ್ತಾರಲ್ಲ, ಆ ನೀರು ಕೆಳಗೆಲ್ಲ ಎರಚುತ್ತದೆ. ಹಾಗಾಗಿ ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ನೈಲಾನ್ ವಾಷರ್ ಇಟ್ಟು, ಸುತ್ತ ಸೀಲಂಟ್ ತುಂಬಿದೆ.

ಬೆಡ್ ಕೆಳಗಡೆ ಬೋಲ್ಟಿಗೆ ಸುಮ್ನೆ ಒಂದು ವಾಷರ್ ಹಾಕಿ ನಟ್ ಬಿಗಿದರೆ ಸಾಲದು. ಗುಂಡಿ ಬಿದ್ದ ರಸ್ತೆಯಲ್ಲಿ ಕ್ಯಾಂಪರ್ ಮೇಲಕ್ಕೆ ಎಗರಿದಾಗ ಆ ಎಳೆತವೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಬೀಳುತ್ತದೆ. ತಗಡು ಹರಿಯುತ್ತದೆ. ಅದಕ್ಕೆ ಅಂಗೈ ಅಗಲದ ಲೋಹದ ಪ್ಲೇಟ್ ಕೊಡಬೇಕು, ಎಳೆತ ಹಂಚಿಹೋಗುತ್ತದೆ. ಟಯೋಟಾ ಟಕೋಮಾ ಇರುವವರಿಗೆ ಇದು ಇನ್ನೂ ಮುಖ್ಯ. ಎಷ್ಟೋ ವರ್ಷ ಅದರ ಬೆಡ್ ಲೋಹದ್ದಾಗಿರಲಿಲ್ಲ, ಕಾಂಪೋಸಿಟ್ ಪ್ಲಾಸ್ಟಿಕ್‌ನದು.

ವೈರಿಂಗ್ ಒಂದು ದೊಡ್ಡ ಕತೆ. ಕ್ಯಾಂಪರ್‌ನ ಬ್ಯಾಟರಿ ಓಡುವಾಗ ಟ್ರಕ್ಕಿನ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗಬೇಕು. ಟ್ರೇಲರ್‌ಗೆ ಕೊಡುವ ಏಳು ಪಿನ್ನಿನ ಸಾಕೆಟ್‌ನಲ್ಲಿ ಒಂದು ಚಾರ್ಜಿಂಗ್ ತಂತಿ ಇದೆ, ಅದರಿಂದಲೇ ಎಳೆದರೆ ಆಯ್ತು ಅಂತ ಕೆಲವರು ಹೇಳಿದರು. ಮೀಟರ್ ಹಿಡಿದು ನೋಡಿದೆ. ಟ್ರಕ್ ಬ್ಯಾಟರಿ ಹತ್ತಿರ 13.9 ವೋಲ್ಟ್. ಫ್ರಿಜ್ಜು ಓಡುತ್ತಿರುವಾಗ ಕ್ಯಾಂಪರ್ ಕಡೆ 12.6. ಉದ್ದ ಜಾಸ್ತಿ, ತಂತಿ ತೆಳು. ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಮೇಲಾಗಿ ಈಗಿನ ಟ್ರಕ್ಕುಗಳ ಆಲ್ಟರ್ನೇಟರ್ ಪೆಟ್ರೋಲ್ ಉಳಿಸುವ ಸಲುವಾಗಿ ಆಗಾಗ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ.

ಇಂಜಿನ್ ಕಡೆಯಿಂದ ಹಿಂದಿನವರೆಗೆ 4 ಗೇಜಿನ ದಪ್ಪ ತಾಮ್ರದ ಕೇಬಲ್ ಎಳೆದೆ. ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರ್ ಬ್ರೇಕರ್. ಬ್ರೇಕರ್ ಬ್ಯಾಟರಿಗೆ ಹತ್ತಿರ ಇರಬೇಕು, ಕ್ಯಾಂಪರ್ ಕಡೆ ಅಲ್ಲ. ನಡುವೆ ಎಲ್ಲಾದರೂ ಕೇಬಲ್ ಉಜ್ಜಿಕೊಂಡು ಚಾಸಿಗೆ ತಾಗಿದರೆ ಬೆಂಕಿ ಹತ್ತದೇ ಇರಬೇಕಾದರೆ ಅದೊಂದೇ ಕಾವಲು. ಕ್ಯಾಂಪರ್ ಒಳಗೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಕೂರಿಸಿದೆ. ಬರುವ ವೋಲ್ಟೇಜ್ ಏರಲಿ ಇಳಿಯಲಿ, ಅದು ಲಿಥಿಯಂ ಬ್ಯಾಟರಿಗೆ ಬೇಕಾದಷ್ಟನ್ನೇ ಕೊಡುತ್ತದೆ. ಕೇಬಲ್ ಎಳೆಯುವಾಗ ಚಾಸಿ ಉದ್ದಕ್ಕೂ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಸೈಲೆನ್ಸರ್‌ನಿಂದ ದೂರ ಇಟ್ಟು, ಹಿಡಿಯಗಲಕ್ಕೊಂದು ಕಟ್ಟು ಹಾಕಿದೆ.

ಟೇಲ್‌ಗೇಟ್ ತೆಗೆದರೆ ರಿವರ್ಸ್ ಕ್ಯಾಮೆರಾನೂ ಅದರ ಜೊತೆ ಹೋಗುತ್ತದೆ, ಯಾಕೆಂದರೆ ಅದು ಇರುವುದೇ ಟೇಲ್‌ಗೇಟ್ ಹಿಡಿಯಲ್ಲಿ. ಇನ್ನೊಂದು ಕ್ಯಾಮೆರಾ ತಂದು ಕ್ಯಾಂಪರ್‌ನ ಹಿಂಬದಿಗೆ ಹಾಕಿ, ಎಕ್ಸ್‌ಟೆನ್ಷನ್ ವೈರಿನಿಂದ ಅದೇ ಸಾಕೆಟ್ಟಿಗೆ ಸೇರಿಸಿದೆ. ಚಿಕ್ಕ ಕೆಲಸ, ಬಿಡಬಾರದ ಕೆಲಸ.

ಕೂರಿಸುವ ದಿನ ಅಪ್ಪ ಇಲ್ಲೇ ಇದ್ದರು. ತಿಪಟೂರಿನಿಂದ ಅಪ್ಪ ಅಮ್ಮ ಬೇಸಿಗೆಗೆ ಅಂತ ಬಂದಿದ್ದರು. ಅಪ್ಪ ಬಹಳ ವರ್ಷ ಲಾರಿ ಇಟ್ಟುಕೊಂಡು ಕೊಬ್ಬರಿ ಸಾಗಿಸಿದವರು. ಕ್ಯಾಂಪರ್ ಮನೆ ಮುಂದೆ ನಾಲ್ಕು ಜ್ಯಾಕಿನ ಕಾಲ ಮೇಲೆ ನಿಂತಿತ್ತು. ಅವರು ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೆ ನೋಡಿ, ‘ಭಾರ ಎಲ್ಲಿ ಕೂರುತ್ತೋ ಇದರದ್ದು?’ ಅಂತ ಕೇಳಿದರು.

ಕ್ಯಾಂಪರ್ ಪಕ್ಕದಲ್ಲಿ ಅಂಟಿಸಿದ್ದ ಗುರುತು ತೋರಿಸಿದೆ. ಅದರ ತೂಕದ ನಡುಬಿಂದು ಅದು. ಟ್ರಕ್ ಮೇಲೆ ಕೂತಾಗ ಆ ಗುರುತು ಹಿಂದಿನ ಅಚ್ಚಿಗಿಂತ ಮುಂದೆ ಬರಬೇಕು.

‘ಅದೇ ಮತ್ತೆ. ಲೋಡು ಅಚ್ಚಿನ ಹಿಂದಕ್ಕೆ ಹೋದರೆ ಎತ್ತಿನ ಗಾಡಿ ನೊಗ ಎತ್ತಿದ ಹಾಗೆ ಮೂತಿ ಎತ್ತುತ್ತೆ. ಸ್ಟೇರಿಂಗ್ ಹಗುರ ಆಗುತ್ತೆ ಕಣೋ. ಡ್ರೈವರ್‌ಗೆ ಹಾಯಾಗಿದೆ ಅನ್ಸುತ್ತೆ, ತಿರುವಿನಲ್ಲಿ ಗೊತ್ತಾಗುತ್ತೆ.’

ಎಂಜಿನಿಯರಿಂಗ್ ಪುಸ್ತಕದಲ್ಲಿ ಅರ್ಧ ಪುಟ ಹಿಡಿಯುವ ವಿಷಯ. ಅಪ್ಪನಿಗೆ ಅದು ಕೈ ಬುದ್ಧಿಯಲ್ಲಿತ್ತು.

ಕೂರಿಸುವುದು ಹೇಗೆ ಅಂದರೆ, ಕ್ಯಾಂಪರನ್ನು ಜ್ಯಾಕ್‌ಗಳಿಂದ ಬೆಡ್‌ಗಿಂತ ಸ್ವಲ್ಪ ಮೇಲಕ್ಕೆ ಎತ್ತಿ, ಟ್ರಕ್ಕನ್ನು ಅದರ ಕೆಳಗೆ ರಿವರ್ಸ್ ತೆಗೆದುಕೊಂಡು ಹೋಗುವುದು. ನಾಲ್ಕೂ ಜ್ಯಾಕನ್ನು ಸಮವಾಗಿ ಎತ್ತಬೇಕು. ಒಂದು ಮೂಲೆಗೆ ಕೆಲವು ಸುತ್ತು, ಆಮೇಲೆ ಇನ್ನೊಂದು. ಒಂದೇ ಕಡೆ ಎತ್ತುತ್ತಾ ಹೋದರೆ ಎದುರು ಮೂಲೆಯ ಕಾಲಿಗೆ ಭಾರವೆಲ್ಲ ಬಿದ್ದು ಅದು ಬಾಗುತ್ತದೆ. ನೆಲ ಸಮವಾಗಿರಬೇಕು. ಗಾಳಿ ಇರಬಾರದು. ಕೆಳಗೆ ಯಾರೂ ಹೋಗಬಾರದು. ಮಕ್ಕಳನ್ನು ಅಮ್ಮ ಮೊದಲೇ ಒಳಗೆ ಕರೆದುಕೊಂಡು ಹೋಗಿದ್ದರು.

ಬೆಡ್ ಒಳಗೆ ಎರಡು ಕಡೆ ಚಕ್ರದ ಉಬ್ಬುಗಳಿರುತ್ತವಲ್ಲ, ಅವುಗಳ ನಡುವೆ ಕ್ಯಾಂಪರ್‌ನ ಕೆಳಭಾಗ ಇಳಿಯಬೇಕು. ಎರಡೂ ಕಡೆ ಕೆಲವೇ ಬೆರಳಿನಷ್ಟು ಜಾಗ. ಹೆಂಡತಿ ಬಲಗಡೆ, ಅಪ್ಪ ಎಡಗಡೆ ನಿಂತರು. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಅವರ ಕೈ ಮಾತ್ರ. ‘ಬರ್ಲಿ, ಬರ್ಲಿ, ಬರ್ಲಿ... ಹಾ, ಸ್ವಲ್ಪ ಲೆಫ್ಟ್ ಒಡಿ... ನಿಲ್ಸು!’ ತಿಪಟೂರಿನ ಎಪಿಎಂಸಿ ಯಾರ್ಡ್‌ನಲ್ಲಿ ಕೇಳುತ್ತಿದ್ದ ಅದೇ ದನಿ. ಕ್ಯಾಮೆರಾಕ್ಕಿಂತ ನನಗೆ ಅದರ ಮೇಲೇ ಭರವಸೆ ಜಾಸ್ತಿ ಇತ್ತು.

ಇಳಿಸಿದ ಮೇಲೆ ಟೇಪ್ ಹಿಡಿದು ನೋಡಿದೆವು. ಟ್ರಕ್ ಬೆಡ್‌ನ ಪಕ್ಕದ ಗೋಡೆಗೂ ಕ್ಯಾಂಪರ್‌ನ ಪಕ್ಕಕ್ಕೆ ಚಾಚಿದ ರೆಕ್ಕೆಗೂ ನಡುವೆ ಎಲ್ಲ ಕಡೆ ಸಂದು ಉಳಿದಿತ್ತು. ಅದು ಉಳಿಯಲೇಬೇಕು. ಕೆಲವು ಟ್ರಕ್ಕುಗಳಲ್ಲಿ ಗೋಡೆ ಎತ್ತರ ಇದ್ದು ತಾಗುತ್ತದೆ, ಆಗ ಕೆಳಗೆ ಪ್ಲೈವುಡ್ ಕೊಟ್ಟು ಎತ್ತರಿಸುತ್ತಾರೆ. ಗುರುತು ಅಚ್ಚಿನ ಮುಂದೆ ಬಂದಿತ್ತು. ಟರ್ನ್‌ಬಕಲ್‌ಗಳಿಗೆ ಕೈ ಹಾಕಲು ಕ್ಯಾಂಪರ್‌ನಲ್ಲಿ ಪುಟ್ಟ ಬಾಗಿಲುಗಳಿವೆ. ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಹಿಂದಿನ ಎಡ ಹೀಗೆ ಓರೆಯಲ್ಲಿ ಬಿಗಿಯುತ್ತಾ ಬರಬೇಕು. ಕೈಯಲ್ಲಿ ಎಷ್ಟು ಬಿಗಿಯುತ್ತದೋ ಅಷ್ಟು, ಅದರ ಮೇಲೆ ಸ್ಪ್ಯಾನರ್‌ನಲ್ಲಿ ಸ್ವಲ್ಪ. ತೀರಾ ಬಿಗಿದರೆ ಚೌಕಟ್ಟಿನ ಮೂಲೆಯೇ ಎಳೆದು ಬರುತ್ತದೆ. ಕೊನೆಗೆ ಲಾಕ್ ನಟ್. ಜ್ಯಾಕ್ ಕಾಲುಗಳನ್ನು ಬಿಚ್ಚಿ ಗ್ಯಾರೇಜಿನಲ್ಲಿಟ್ಟೆವು. ನಾಲ್ಕೂ ಸೇರಿ ಒಳ್ಳೆ ತೂಕ, ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ ಏನು ಮಾಡುವುದು?

ಮರುದಿನವೇ ಸಾಮಾನೆಲ್ಲ ತುಂಬಿ, ನೀರು ತುಂಬಿ, ಮಕ್ಕಳನ್ನೂ ಕೂರಿಸಿಕೊಂಡು ಹೈವೇ ಪಕ್ಕದ ಟ್ರಕ್ ಸ್ಟಾಪಿಗೆ ಹೋದೆವು. ಅಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ದೊಡ್ಡ ತೂಕದ ಕಟ್ಟೆ ಇರುತ್ತದೆ. ಲಾರಿಗಳಿಗಾಗಿ ಮಾಡಿದ್ದು, ಯಾರು ಬೇಕಾದರೂ ತೂಗಿಸಬಹುದು. ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ. ಗುಂಡಿ ಒತ್ತಿದರೆ ಮೈಕಿನಲ್ಲಿ ಕೇಳುತ್ತಾರೆ, ಚೀಟಿ ಬರುತ್ತದೆ. ಮುಂದೆ 3,240 ಪೌಂಡ್, ಹಿಂದೆ 3,740. ಒಟ್ಟು 6,980. ನಮ್ಮ ಟ್ರಕ್ಕಿನ ಒಟ್ಟು ಮಿತಿ 7,050, ಹಿಂದಿನ ಅಚ್ಚಿನ ಮಿತಿ 3,800. ಕಾಗದದ ಮೇಲಿನ ಲೆಕ್ಕ ನಿಜವಾಗಿತ್ತು. ಆ ಚೀಟಿಯನ್ನು ನಾನು ಈಗಲೂ ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಯಾರಾದರೂ ಸೈಕಲ್ ಹಾಕಿಕೊಳ್ಳೋಣ, ಇನ್ನೊಂದು ಕುರ್ಚಿ ಹಾಕೋಣ ಅಂದರೆ ತೆಗೆದು ತೋರಿಸುತ್ತೇನೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಿಂಭಾಗ ಸ್ವಲ್ಪ ಕುಸಿದಿತ್ತು ಅಂತ ಪ್ಲೇಟ್ ಸ್ಪ್ರಿಂಗ್ ಜೊತೆಗೆ ಗಾಳಿ ತುಂಬುವ ರಬ್ಬರ್ ಚೀಲ, ಅಂದರೆ ಏರ್‌ಬ್ಯಾಗ್ ಹಾಕಿಸಿದೆ. ಗಾಳಿ ತುಂಬಿದರೆ ಟ್ರಕ್ ಮಟ್ಟವಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ, ಓಲಾಟ ಕಮ್ಮಿ. ಅಷ್ಟೇ ಅದರ ಕೆಲಸ. ಅದರಿಂದ ಹೊರುವ ಮಿತಿ ಒಂದು ಪೌಂಡೂ ಹೆಚ್ಚುವುದಿಲ್ಲ. ಬ್ರೇಕು, ಅಚ್ಚು, ಚಾಸಿ ಎಲ್ಲ ಮೊದಲಿನವೇ ತಾನೆ? ‘ಏರ್‌ಬ್ಯಾಗ್ ಹಾಕಿಸಿದೀನಿ, ಈಗ ಎಷ್ಟು ಬೇಕಾದ್ರೂ ಹಾಕ್ಬಹುದು’ ಅನ್ನುವವರು ತುಂಬ ಜನ ಇದ್ದಾರೆ. ದಯವಿಟ್ಟು ನಂಬಬೇಡಿ. ಇಳಿಜಾರಿನಲ್ಲಿ ಆ ತೂಕ ನಿಲ್ಲಿಸಬೇಕಾದದ್ದು ಬ್ರೇಕು. ಟೈರು ಮಾತ್ರ ಹೆಚ್ಚು ಭಾರ ತಡೆಯುವ ಇ ದರ್ಜೆಯವಕ್ಕೆ ಬದಲಿಸಿದೆ. ಅವಕ್ಕೆ ಗಾಳಿಯೂ ಜಾಸ್ತಿ ಬೇಕು.

ಮೊದಲ ದೊಡ್ಡ ಪ್ರಯಾಣ ಅಕ್ಟೋಬರ್‌ನಲ್ಲಿ. ಹೈವೇ 50ರಲ್ಲಿ 7,382 ಅಡಿಯ ಎಕೋ ಸಮಿಟ್ ಹತ್ತಿ, ಆಮೇಲೆ 8,314 ಅಡಿಯ ಮಾನಿಟರ್ ಪಾಸ್ ದಾಟಿ 395ಕ್ಕೆ ಇಳಿದೆವು. ಹತ್ತುವಾಗ ಇಂಜಿನ್ನಿಗೆ ಭಾರ ಗೊತ್ತಾಗುತ್ತದೆ. ಇಳಿಯುವಾಗ ನಮಗೆ ಗೊತ್ತಾಗುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿಕೊಂಡು ಇಂಜಿನ್ನಿನಿಂದಲೇ ವೇಗ ಹಿಡಿದರೆ ಬ್ರೇಕ್ ಬಿಸಿಯಾಗುವುದಿಲ್ಲ. ಹೊರಟು ಸ್ವಲ್ಪ ದೂರಕ್ಕೆ ಒಮ್ಮೆ, ಬ್ರಿಜ್‌ಪೋರ್ಟ್ ಹತ್ತಿರ ಒಮ್ಮೆ ನಿಲ್ಲಿಸಿ ಟರ್ನ್‌ಬಕಲ್ ಮುಟ್ಟಿ ನೋಡಿದೆ. ಹೊಸದಾಗಿ ಕೂತ ಕ್ಯಾಂಪರ್ ರಬ್ಬರ್ ಮೇಲೆ ಇನ್ನೂ ಸ್ವಲ್ಪ ಒತ್ತಿ ಕೂರುತ್ತದೆ, ಬಿಗಿ ಸಡಿಲವಾಗುತ್ತದೆ. ಹಿಂದಿನ ಎರಡು ಸ್ವಲ್ಪ ಸಡಿಲಾಗಿದ್ದವು, ಬಿಗಿದೆ. ರಸ್ತೆ ಪಕ್ಕ ‘ಜೋರು ಗಾಳಿ, ಕ್ಯಾಂಪರ್ ಟ್ರೇಲರ್‌ಗಳು ಬರುವುದು ಒಳ್ಳೆಯದಲ್ಲ’ ಅನ್ನುವ ಬೋರ್ಡುಗಳು ಬರುತ್ತವೆ. ಎದುರಿನಿಂದ ದೊಡ್ಡ ಲಾರಿ ಹಾದುಹೋದಾಗ ಒಂದು ತಳ್ಳು ಸಿಗುತ್ತದೆ. ಚಾವಣಿ ತಗ್ಗಿರುವುದರ ಬೆಲೆ ಆಗ ಅರ್ಥವಾಗುತ್ತದೆ.

ಲೋನ್ ಪೈನ್ ಊರಿನ ಪಶ್ಚಿಮಕ್ಕೆ ಅಲಬಾಮಾ ಹಿಲ್ಸ್. ದುಂಡುಬಂಡೆಗಳ ರಾಶಿ. ನಮ್ಮ ಕಡೆಯವರು ನೋಡಿದರೆ ಹಂಪಿ ನೆನಪಾಗದೇ ಇರುವುದಿಲ್ಲ. ಬಂಡೆಗಳ ಹಿಂದೆ 14,505 ಅಡಿಯ ಮೌಂಟ್ ವಿಟ್ನಿ ಹಲ್ಲುಹಲ್ಲಾಗಿ ನಿಂತಿರುತ್ತದೆ. 2019ರಲ್ಲಿ ಇದನ್ನು ರಾಷ್ಟ್ರೀಯ ರಮಣೀಯ ಪ್ರದೇಶ ಅಂತ ಘೋಷಿಸಿದರು. ಈಗ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ತಂಗಬೇಕು. ಅದು ಒಳ್ಳೆಯದೇ. ಅಲ್ಲಿಯ ಮಣ್ಣಿನ ಮೇಲೆ ಒಮ್ಮೆ ಚಕ್ರ ಹರಿದರೆ ಗಿಡ ಮತ್ತೆ ಬರಲು ವರ್ಷಗಳು ಬೇಕು.

ಒಳಗಿನ ರಸ್ತೆ ಅಲೆ ಅಲೆಯಾಗಿತ್ತು. ಗಾಡಿಯ ಪ್ರತಿ ಸ್ಕ್ರೂವನ್ನೂ ಅದು ಪರೀಕ್ಷೆ ಮಾಡುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು, ಸೈಕಲ್ ವೇಗದಲ್ಲಿ ಹೋದೆವು. ಜಾಗಕ್ಕೆ ಸೇರಿ ಹಿಂದಿನ ಬಾಗಿಲು, ಚಾವಣಿಯ ಕಿಂಡಿ ಎರಡನ್ನೂ ತೆಗೆದೆ. ಗಾಳಿ ಒಳಗೆ ಬರಲು ದಾರಿ ಇದ್ದರೆ ಮಾತ್ರ ಚಾವಣಿ ಸಲೀಸಾಗಿ ಏಳುತ್ತದೆ. ಹೊರಗಿನ ಲ್ಯಾಚ್‌ಗಳನ್ನು ಬಿಚ್ಚಿ, ಒಳಗೆ ಹೋಗಿ ತೋಳಿನಿಂದ ತಳ್ಳಿದೆ. ಟಕ್ ಅಂತ ಚಾವಣಿ ಎತ್ತಿಹಿಡಿಯುವ ಪ್ಯಾನಲ್ ನೆಟ್ಟಗಾಯಿತು. ಮಕ್ಕಳು ಮೇಲಿನ ಹಾಸಿಗೆಗೆ ಹತ್ತಿ, ಬಟ್ಟೆಯ ಕಿಟಕಿಯ ಜಿಪ್ ಬಿಚ್ಚಿ ಬೆಟ್ಟ ನೋಡುತ್ತಾ ಕೂತರು. ಅಂಥ ಗಾಳಿಯಲ್ಲೂ ಒಳಗೆ ಕಾಫಿ ಕಪ್ ಅಲುಗಲಿಲ್ಲ.

ಅಡುಗೆ ಬಗ್ಗೆ ಎರಡು ಮಾತು. ಎತ್ತರದ ಜಾಗದಲ್ಲಿ ನೀರು ಕಮ್ಮಿ ಬಿಸಿಯಲ್ಲೇ ಕುದಿಯುತ್ತದೆ, ಹಾಗಾಗಿ ಅಕ್ಕಿ ಬೇಳೆ ಬೇಗ ಬೇಯಲ್ಲ. ಮೋನೋ ಸರೋವರದ ಕಡೆಯೆಲ್ಲ ಆರು ಸಾವಿರ ಅಡಿ ಮೇಲೇ. ಪುಟ್ಟ ಪ್ರೆಶರ್ ಕುಕ್ಕರ್ ಇಲ್ಲದೆ ನಾವು ಹೊರಡುವುದಿಲ್ಲ. ಇಷ್ಟೆಲ್ಲ ತೂಕ ಲೆಕ್ಕ ಹಾಕಿದರೂ ಅದಕ್ಕೆ ಮಾತ್ರ ಜಾಗ ಇದ್ದೇ ಇದೆ. ಆದರೆ ಕುಕ್ಕರ್ ಹಚ್ಚುವುದು ಹೊರಗೆ, ಮಡಚುವ ಮೇಜಿನ ಮೇಲೆ. ಒಳಗೆ ಹಚ್ಚಿದರೆ ಆ ಹಬೆಯೆಲ್ಲ ತಣ್ಣಗಿನ ಬಟ್ಟೆಗೆ ತಾಗಿ ರಾತ್ರಿ ತೊಟ್ಟಿಕ್ಕುತ್ತದೆ. ನಾಲ್ಕು ಜನ ಉಸಿರಾಡಿದರೇ ಸಾಕು, ಬೆಳಿಗ್ಗೆ ಬಟ್ಟೆಯ ಗೋಡೆ ಒದ್ದೆ. ಅದಕ್ಕೆ ಎಷ್ಟೇ ಚಳಿ ಇದ್ದರೂ ಚಾವಣಿಯ ಕಿಂಡಿ ಒಂದಿಷ್ಟು ತೆರೆದಿರಬೇಕು. ಫರ್ನೇಸ್ ಹಚ್ಚಿ ಮಲಗುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ, ಗ್ಯಾಸ್ ಸೋರಿಕೆ ಅಲಾರಂ ಎರಡನ್ನೂ ಒತ್ತಿ ನೋಡಿಯೇ ಮಲಗಬೇಕು. ನಮ್ಮನೆಯಲ್ಲಿ ಆ ಕೆಲಸ ದೊಡ್ಡ ಮಗಳದು.

ಚಾವಣಿ ಇಳಿಸುವಾಗ ಬಟ್ಟೆ ಹೊರಗಡೆಗೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುವುದು ಎಲ್ಲರಿಗೂ ಬರುವ ತೊಂದರೆ. ರಿನೋದ ಅಜ್ಜ ಹೇಳಿಕೊಟ್ಟ ಉಪಾಯ ಇಲ್ಲಿ ಕೆಲಸಕ್ಕೆ ಬಂತು. ಬಾಗಿಲು ಕಿಟಕಿ ಮುಚ್ಚಿ, ಚಾವಣಿಯ ಫ್ಯಾನನ್ನು ಗಾಳಿ ಹೊರಹಾಕುವ ಕಡೆಗೆ ಹಾಕಬೇಕು. ಒಳಗಿನ ಗಾಳಿ ಹೋಗುತ್ತಾ ಬಟ್ಟೆ ತಾನೇ ಒಳಕ್ಕೆ ಎಳೆದುಕೊಂಡು ಮಡಿಕೆ ಬೀಳುತ್ತದೆ. ಆಮೇಲೆ ಹೊರಗೆ ಒಂದು ಸುತ್ತು ಬಂದು ಎಲ್ಲೂ ಬಟ್ಟೆ ಇಣುಕುತ್ತಿಲ್ಲ ಅಂತ ನೋಡಿ ಲ್ಯಾಚ್ ಹಾಕುವುದು.

ಒದ್ದೆಯಾಗಿದ್ದಾಗ ಮಡಚಿಕೊಂಡು ಬಂದಿದ್ದರೆ ಮನೆಗೆ ಬಂದ ಕೂಡಲೇ ಮತ್ತೆ ಎತ್ತಿ ಒಣಗಿಸಲೇಬೇಕು. ತಡಮಾಡಿದರೆ ಬೂಷ್ಟು ಬರುತ್ತದೆ, ಆ ವಾಸನೆ ಹೋಗುವುದೇ ಇಲ್ಲ. ನಮ್ಮ ಬಡಾವಣೆಯ ಸಂಘದವರಿಗೆ ಇದು ರಸ್ತೆಗೆ ಕಾಣುವ ಹಾಗೆ ನಿಲ್ಲುವುದು ಇಷ್ಟವಿಲ್ಲ. ಅವರ ಜೊತೆ ಮಾತಾಡಿ, ಒಣಗಿಸುವ ದಿನ ಮಾತ್ರ ಮುಂದೆ ನಿಲ್ಲಿಸಲು ಒಪ್ಪಿಗೆ ಪಡೆದೆವು. ಉಳಿದಂತೆ ಪಕ್ಕದ ಹಾದಿಯಲ್ಲಿ, ಜ್ಯಾಕ್‌ಗಳನ್ನು ಆದಷ್ಟು ಇಳಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುತ್ತೇನೆ. ಎತ್ತರದ ಕಾಲುಗಳ ಮೇಲೆ ಹಾಗೇ ಬಿಟ್ಟರೆ ಒಂದು ಜೋರು ಗಾಳಿ ಸಾಕು.

ಚಳಿಗಾಲ ಬರುವ ಮುಂಚೆ ಚಾವಣಿಯ ಮೂಲೆಗಳ ಸೀಲಂಟ್ ಕೆರೆದು ಹೊಸದು ಹಚ್ಚಬೇಕು. ಮುಂದಿನ ಬೇಸಿಗೆಯಲ್ಲಿ 9,943 ಅಡಿಯ ಟಯೋಗಾ ಪಾಸ್ ತೆರೆದ ಕೂಡಲೇ ಯೊಸೆಮಿಟಿ ಕಡೆಯಿಂದ ಹತ್ತಿ ಲೀ ವೈನಿಂಗ್ ಕಡೆ ಇಳಿಯುವ ಯೋಚನೆ ಇದೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ. ಅವರ ತೂಕ 150 ಪೌಂಡ್. ಏನು ಕಮ್ಮಿ ಮಾಡಬಹುದು ಅಂತ ನಾನೂ ನನ್ನ ಹೆಂಡತಿಯೂ ಪಟ್ಟಿ ಹಿಡಿದು ಕೂತಿದ್ದೇವೆ.